ಕಣ್ಣಿನ ನಡುಭಾಗ ಮಸುಕಾದಾಗ: ಬಯೋಫೀಡ್‌ಬ್ಯಾಕ್ ತರಬೇತಿಯಾ, ಭೂತಗನ್ನಡಿಯಾ, ಫೋನಾ?

"ಎದುರು ನಿಂತವರ ಕಿವಿ ಕಾಣುತ್ತೆ, ಕಿವಿಯ ಜುಮುಕಿ ಕಾಣುತ್ತೆ, ಮುಖ ಮಾತ್ರ ಕಾಣಲ್ಲ." ನಮ್ಮಮ್ಮ ಹೀಗೆ ಹೇಳಿದಾಗ ಮನೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಪೊರೆ ಬಂದಿರಬೇಕು, ತೆಗೆಸಿದರೆ ಸರಿಹೋಗುತ್ತೆ ಅಂದುಕೊಂಡೆವು. ಪೊರೆ ಅಲ್ಲ, ವಯಸ್ಸಿನ ಜೊತೆ ಬರುವ ಮ್ಯಾಕ್ಯುಲಾ (ಕಣ್ಣಿನ ಹಿಂಬದಿ ಪರದೆಯ ನಡುಭಾಗ) ಸವೆತ ಅಂತ ಡಾಕ್ಟರು ಹೇಳಿದರು. ಎರಡೂ ಕಣ್ಣಿನಲ್ಲಿ, ಒಣ ಬಗೆಯದು. ಆಪರೇಷನ್ ಇಲ್ಲ, ಹೊಸ ಕನ್ನಡಕ ಹಾಕಿದರೂ ಏನೂ ಬದಲಾಗಲ್ಲ.

ಆಮೇಲಿನ ಎರಡು ವರ್ಷ ನಾವು ಸುಮಾರು ಎಲ್ಲವನ್ನೂ ಪ್ರಯತ್ನಿಸಿದೆವು. ಕೆಲವು ಉಪಯೋಗಕ್ಕೆ ಬಂದವು, ಕೆಲವಕ್ಕೆ ದುಡ್ಡು ಸುಮ್ನೆ ಹೋಯಿತು. ಈಚೆಗೆ ಪರಿಚಯದ ಮೂರು ಮನೆಗಳಿಂದ ಒಂದೇ ಪ್ರಶ್ನೆ ಬಂತು: "ಬಯೋಫೀಡ್‌ಬ್ಯಾಕ್ ಅಂತ ಒಂದು ತರಬೇತಿ ಇದೆಯಂತೆ. ಅದನ್ನು ಮಾಡಿಸೋಣವಾ, ಅದೇ ದುಡ್ಡಿಗೆ ಒಳ್ಳೆಯ ಮೆಷಿನ್ ತಗೊಳ್ಳೋಣವಾ, ಇಲ್ಲಾ ಫೋನೇ ಸಾಕಾ?" ಅಲೆಯುವ ಕಣ್ಣನ್ನು ಒಂದು ಕಡೆ ನಿಲ್ಲಿಸಲು ಮೆಷಿನ್ನಿನ ಸದ್ದಿನಿಂದ ಕಲಿಸುವ ತರಬೇತಿ ಅದು. ಮೂರು ಮನೆಗೂ ಬೇರೆ ಬೇರೆ ಉತ್ತರ ಕೊಡಬೇಕಾಯಿತು. ಯಾಕೆ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಲೋ ವಿಷನ್ ಅಂದರೆ ಪೂರ್ತಿ ಕುರುಡಲ್ಲ. ಕನ್ನಡಕ, ಔಷಧಿ, ಆಪರೇಷನ್ ಎಲ್ಲ ಆದ ಮೇಲೂ ದಿನದ ಕೆಲಸಕ್ಕೆ ಸಾಲದಷ್ಟು ದೃಷ್ಟಿ ಮಾತ್ರ ಉಳಿಯುವುದು. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಲೆಕ್ಕದಲ್ಲಿ, ಚೆನ್ನಾಗಿರುವ ಕಣ್ಣಿನಲ್ಲೂ ದೃಷ್ಟಿ 6/18ಕ್ಕಿಂತ ಮೇಲೇರದೆ 3/60ರ ತನಕ ಇದ್ದರೆ ಅದು ಲೋ ವಿಷನ್. (6/18 ಅಂದರೆ ಬೇರೆಯವರಿಗೆ 18 ಮೀಟರ್ ದೂರದಿಂದ ಕಾಣುವುದು ಇವರಿಗೆ 6 ಮೀಟರಿನಿಂದ ಮಾತ್ರ ಕಾಣುತ್ತದೆ.) ಈ ಜನಕ್ಕೆ ಉಳಿದಿರುವ ನೋಟವೇ ಬಂಡವಾಳ. ಯಾವ ದಾರಿಯನ್ನೇ ಆರಿಸಿಕೊಳ್ಳಿ, ಹೋದ ನೋಟ ವಾಪಸ್ ಬರಲ್ಲ. ಉಳಿದ ನೋಟವನ್ನು ಚೆನ್ನಾಗಿ ದುಡಿಸಿಕೊಳ್ಳಬಹುದು, ಅಷ್ಟೇ. ಆ ಅಷ್ಟೇ ಬಹಳ ದೊಡ್ಡದು. ಅಮ್ಮ ಈಗ ತಮ್ಮ ಮಾತ್ರೆಯ ಹೆಸರನ್ನು ತಾವೇ ಓದುತ್ತಾರೆ.

ಮೊದಲು ಅಳತೆಗೋಲು

ಯಾವುದು ಒಳ್ಳೆಯದು ಅಂತ ಕೇಳುವ ಮುಂಚೆ ಯಾವುದಕ್ಕೆ ಅಂತ ಕೇಳಿಕೊಳ್ಳಬೇಕು. "ಕಣ್ಣು ಚೆನ್ನಾಗಿ ಕಾಣಬೇಕು" ಅಂದರೆ ಯಾರಿಗೂ ಸಹಾಯ ಮಾಡೋಕೆ ಆಗಲ್ಲ. ಪೇಪರ್ ಓದಬೇಕಾ? ಮಾತ್ರೆ ಗುರುತಿಸಬೇಕಾ? ಮೊಮ್ಮಗನ ಮುಖ ನೋಡಬೇಕಾ? ಬಸ್ಸಿನ ಬೋರ್ಡಾ? ಸಂಜೆ ಒಬ್ಬರೇ ದೇವಸ್ಥಾನಕ್ಕೆ ಹೋಗಿಬರಬೇಕಾ? ಒಂದೊಂದು ಕೆಲಸಕ್ಕೂ ಒಂದೊಂದು ದಾರಿ. ಮೂರು ಕೆಲಸ ಬರೆದುಕೊಳ್ಳಿ, ಮುಖ್ಯವಾದದ್ದು ಮೊದಲಿಗೆ ಇರಲಿ.

ಎರಡನೆಯದು, ನೋಟದ ಯಾವ ಭಾಗ ಹೋಗಿದೆ? ಇದು ಎಲ್ಲಕ್ಕಿಂತ ಮುಖ್ಯ. ವಯಸ್ಸಿನ ಮ್ಯಾಕ್ಯುಲಾ ಸವೆತ ಮತ್ತು ಚಿಕ್ಕ ವಯಸ್ಸಿನಲ್ಲೇ ಬರುವ ಸ್ಟಾರ್ಗಾರ್ಟ್ ಕಾಯಿಲೆಯಲ್ಲಿ ನಡುಭಾಗ ಹೋಗಿ ಸುತ್ತಲಿನದು ಉಳಿಯುತ್ತದೆ. ರೆಟಿನೈಟಿಸ್ ಪಿಗ್ಮೆಂಟೋಸಾದಲ್ಲಿ, ಮುಂದುವರಿದ ಗ್ಲಾಕೋಮಾದಲ್ಲಿ ಉಲ್ಟಾ: ಸುತ್ತಲಿನದು ಹೋಗಿ, ಕೊಳವೆಯಲ್ಲಿ ನೋಡಿದ ಹಾಗೆ ನಡುವಿನದು ಮಾತ್ರ ಉಳಿಯುತ್ತದೆ. ಸಕ್ಕರೆ ಕಾಯಿಲೆಯಿಂದ ಹಾಳಾದ ಕಣ್ಣಿನಲ್ಲಿ ಅಲ್ಲಲ್ಲಿ ತೇಪೆ ಹಾಕಿದ ಹಾಗೆ ಇರಬಹುದು. ನಡುಭಾಗ ಹೋದವರಿಗೆ ಹೇಳುವ ಮಾತು ಕೊಳವೆ ನೋಟದವರಿಗೆ ಹೊಂದುವುದೇ ಇಲ್ಲ.

ಮೂರನೆಯದು, ಕಾಯಿಲೆ ನಿಂತಿದೆಯಾ, ಇನ್ನೂ ಓಡುತ್ತಿದೆಯಾ? ಕಿಟಕಿ ಸರಳು, ನೆಲದ ಟೈಲ್ಸ್ ಗೆರೆ ಇದ್ದಕ್ಕಿದ್ದ ಹಾಗೆ ಸೊಟ್ಟ ಕಾಣತೊಡಗಿದರೆ ತರಬೇತಿಯ ಮಾತು ಬಿಡಿ, ಅದೇ ವಾರ ರೆಟಿನಾ ಡಾಕ್ಟರ ಹತ್ತಿರ ಹೋಗಿ. ಅದು ಹಸಿ ಬಗೆಯ ಮ್ಯಾಕ್ಯುಲಾ ಸವೆತ ಇರಬಹುದು. ಅದಕ್ಕೆ ಕಣ್ಣಿಗೆ ಕೊಡುವ ಇಂಜೆಕ್ಷನ್ ಇದೆ, ತಡ ಮಾಡಿದಷ್ಟೂ ನಷ್ಟ.

ಇನ್ನು ದುಡ್ಡು. ಇಲ್ಲಿ ಎಲ್ಲರೂ ಫೀಸನ್ನಷ್ಟೇ ಎಣಿಸುತ್ತಾರೆ. ಬಸ್ ಚಾರ್ಜು, ಜೊತೆಗೆ ಬರುವವರು ಬಿಟ್ಟ ಒಂದು ದಿನದ ಕೂಲಿ, ಊಟ, ಎಲ್ಲ ಸೇರಿಸಿ. ಹತ್ತು ಸಲ ಹೋಗಬೇಕಾದ ಚಿಕಿತ್ಸೆಗೆ ಇದು ಫೀಸಿಗಿಂತ ಜಾಸ್ತಿ ಆಗಬಹುದು. ಕೊನೆಗೆ ಒಂದು ಪ್ರಶ್ನೆ: ಮನೆಗೆ ಬಂದ ಮೇಲೆ, ತರಬೇತಿಯ ಮೆಷಿನ್ ಎದುರಿಗೆ ಇಲ್ಲದಾಗ, ಕಲಿತದ್ದು ಕೈಯಲ್ಲಿ ಉಳಿಯುತ್ತದಾ?

ಭೂತಗನ್ನಡಿ ಮತ್ತು ಬೆಳಕು

ಇದು ಹಳೆಯದು, ಅಗ್ಗದ್ದು. ಅದಕ್ಕೇ ಜನ ಇದನ್ನು ದಾಟಿ ಮುಂದೆ ಹೋಗಿಬಿಡುತ್ತಾರೆ. ಹಾಗೆ ಮಾಡಬೇಡಿ. ಲೋ ವಿಷನ್ ವಿಭಾಗದಲ್ಲಿ ಸರಿಯಾಗಿ ಅಳೆದು ಕೊಟ್ಟ ಭೂತಗನ್ನಡಿಗೂ, ಸ್ಟೇಷನರಿ ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದಕ್ಕೂ ಅಜಗಜಾಂತರ.

ಲೆಕ್ಕ ಸುಲಭ. ದೂರದ ದೃಷ್ಟಿ 6/60 ಇದ್ದರೆ 60ನ್ನು 6ರಿಂದ ಭಾಗಿಸಿ. 10 ಬಂತು. ಪೇಪರಿನ ಅಕ್ಷರ ಓದಲು ಸುಮಾರು 10 ಡಯಾಪ್ಟರ್ ಪವರಿನಿಂದ ಶುರು ಮಾಡಬಹುದು. ಆದರೆ ಪವರ್ ಏರಿದ ಹಾಗೆ ಪುಸ್ತಕ ಹತ್ತಿರ ಬರುತ್ತದೆ. 10 ಡಯಾಪ್ಟರ್ ಕನ್ನಡಕಕ್ಕೆ 10 ಸೆಂಟಿಮೀಟರ್, 20 ಡಯಾಪ್ಟರ್‌ಗೆ 5 ಸೆಂಟಿಮೀಟರ್, ಅಂದರೆ ಮೂಗು ಕಾಗದಕ್ಕೆ ತಾಗುವಷ್ಟು. ಒಂದೇ ಸಲಕ್ಕೆ ಕಾಣುವ ಅಕ್ಷರಗಳೂ ಕಡಿಮೆಯಾಗುತ್ತವೆ. ಅದಕ್ಕೇ "ಇನ್ನೂ ದೊಡ್ಡದು ಕೊಡಿ" ಅಂತ ಕೇಳುವುದು ಯಾವಾಗಲೂ ಸರಿಯಲ್ಲ. ಕೆಲಸ ನಡೆಯುವಷ್ಟರಲ್ಲಿ ಕಡಿಮೆ ಪವರ್ ಆರಿಸಿ.

ಕೈ ನಡುಗುವವರಿಗೆ ಕೈಯಲ್ಲಿ ಹಿಡಿಯುವುದು ಬೇಡ. ಕಾಲುಗಳಿರುವ ಸ್ಟ್ಯಾಂಡ್ ಭೂತಗನ್ನಡಿಯನ್ನು ಕಾಗದದ ಮೇಲೆ ಇಟ್ಟು ಸರಿಸುತ್ತಾ ಹೋಗಬಹುದು. ಎಲ್‌ಇಡಿ ದೀಪ ಇರುವುದಾದರೆ ಇನ್ನೂ ಒಳ್ಳೆಯದು. ಬೆಲೆ ಕೆಲವು ನೂರರಿಂದ ಮೂರ್ನಾಲ್ಕು ಸಾವಿರದ ಒಳಗೆ. ಅದರ ಜೊತೆಗೆ ಹೆಚ್ಚು ಖರ್ಚಿಲ್ಲದ ಎರಡು ವಸ್ತು. ಒಂದು, ಚೆನ್ನಾಗಿರುವ ಕಣ್ಣಿನ ಪಕ್ಕದಿಂದ, ಕಣ್ಣಿಗೆ ಕುಕ್ಕದ ಹಾಗೆ ಕಾಗದದ ಮೇಲೆ ಬೀಳುವ ಟೇಬಲ್ ಲ್ಯಾಂಪ್. ಇನ್ನೊಂದು, ಒಂದು ಸಾಲಿನಷ್ಟು ಕಿಂಡಿ ಕೊಯ್ದ ಕಪ್ಪು ರಟ್ಟು. ಅಮ್ಮನಿಗೆ ನಾನು ಮದುವೆ ಕಾರ್ಡಿನ ಕಪ್ಪು ಕವರನ್ನೇ ಕೊಯ್ದು ಮಾಡಿಕೊಟ್ಟೆ. ಬಿಳಿ ಹಾಳೆಯ ಹೊಳಪು ಕಮ್ಮಿಯಾಯಿತು, ಸಾಲು ತಪ್ಪುವುದು ನಿಂತಿತು.

ಇದರ ಮಿತಿ ಇಷ್ಟು: ಮುಖ ನೋಡೋಕೆ ಆಗಲ್ಲ, ಹೆಚ್ಚು ಹೊತ್ತು ಓದಿದರೆ ಕತ್ತು ನೋವು, ದೃಷ್ಟಿ ತೀರಾ ಕುಸಿದವರಿಗೆ ಸಾಕಾಗಲ್ಲ.

ಓರೆ ನೋಟದ ಅಭ್ಯಾಸ, ಮೆಷಿನ್ ಇಲ್ಲದೆ

ಕಣ್ಣಿನ ಹಿಂಬದಿಯ ಪರದೆ ರೆಟಿನಾ. ಅದರ ನಡುವಿನ ಪುಟ್ಟ ಜಾಗವೇ ಮ್ಯಾಕ್ಯುಲಾ. ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲ ಅಲ್ಲಿಂದಲೇ. ಅದು ಸವೆದಾಗ ನೇರ ನೋಡಿದ್ದೆಲ್ಲ ಮಾಯ. ಆಗ ಮಿದುಳು ತಾನಾಗಿಯೇ ಪಕ್ಕದ ಒಂದು ಜಾಗವನ್ನು ಹೊಸ ನಡುಭಾಗದ ಹಾಗೆ ಬಳಸಲು ಕಲಿಯುತ್ತದೆ. ಕೆಲವರಿಗೆ ಕೆಲವು ತಿಂಗಳಲ್ಲಿ ಇದು ಚೆನ್ನಾಗಿ ಕೂರುತ್ತದೆ. ಇನ್ನು ಕೆಲವರಿಗೆ ಕಣ್ಣು ಅಲೆಯುತ್ತಲೇ ಇರುತ್ತದೆ, ಒಂದು ಸಲ ಇಲ್ಲಿ, ಒಂದು ಸಲ ಅಲ್ಲಿ.

ಇದನ್ನು ಬೇಕೆಂದೇ ಕಲಿಸುವುದೇ ಓರೆ ನೋಟದ ತರಬೇತಿ. ಮನೆಯಲ್ಲೇ ಶುರು ಮಾಡುವ ಬಗೆ ಹೀಗಿದೆ. ಒಂದು ದೊಡ್ಡ ಹಾಳೆಯಲ್ಲಿ ಗಡಿಯಾರ ಬರೆಯಿರಿ, ಮುಳ್ಳು ಬೇಡ. ಮಧ್ಯೆ ಒಂದು ದಪ್ಪ ಅಕ್ಷರ ಬರೆಯಿರಿ. ಒಂದು ಕಣ್ಣು ಮುಚ್ಚಿ, 12ನ್ನು ನೋಡಿ. ಮಧ್ಯದ ಅಕ್ಷರ ಹೇಗಿದೆ? ಆಮೇಲೆ 1, 2, 3, ಹೀಗೆ ಸುತ್ತು ಬನ್ನಿ. ಯಾವ ಅಂಕಿಯನ್ನು ನೋಡುವಾಗ ಮಧ್ಯದ ಅಕ್ಷರ ಎಲ್ಲಕ್ಕಿಂತ ತಿಳಿಯಾಗಿ ಕಾಣುತ್ತದೋ ಆ ದಿಕ್ಕೇ ನಿಮ್ಮ ದಿಕ್ಕು. ಅಮ್ಮನಿಗೆ ಅದು 12 ಮತ್ತು 1ರ ನಡುವೆ ಸಿಕ್ಕಿತು. ಅಂದರೆ ನೋಡಬೇಕಾದದ್ದಕ್ಕಿಂತ ಸ್ವಲ್ಪ ಮೇಲೆ ಕಣ್ಣಿಟ್ಟರೆ, ನಡುವಿನ ಕಾಣದ ಜಾಗ, ಅಂದರೆ ಕುರುಡು ಚುಕ್ಕೆ, ಮೇಲಕ್ಕೆ ಸರಿದು, ಬೇಕಾದದ್ದು ಅದರ ಕೆಳಗೆ ಕಾಣುತ್ತದೆ. ಮೊದಲ ದಿನ ಹಾಳೆ ನೋಡುತ್ತಾ ಅವರು ಥಟ್ಟನೆ, "ಅಯ್ಯೋ, ಇದು ‘ಮ’ ಕಣೋ!" ಅಂದರು. ಎರಡು ವರ್ಷದಲ್ಲಿ ಅಷ್ಟು ಚಿಕ್ಕ ಅಕ್ಷರ ಅವರ ಕಣ್ಣಿಗೆ ಬಿದ್ದದ್ದು ಅವತ್ತೇ ಮೊದಲು.

ಕನ್ನಡ ಓದುವವರಿಗೆ ದಿಕ್ಕಿನ ಆಯ್ಕೆ ಇನ್ನೂ ಮುಖ್ಯ. ನಮ್ಮ ಲಿಪಿಯಲ್ಲಿ ಅರ್ಥ ಸಾಲಿನ ಮೇಲೂ ಇರುತ್ತದೆ, ಕೆಳಗೂ ಇರುತ್ತದೆ. ಗುಡಿಸು ಮೇಲೆ, ಒತ್ತಕ್ಷರ ಕೆಳಗೆ. "ಬಟ್ಟೆ"ಯಲ್ಲಿ ಟ ಒತ್ತು ಕಾಣದಿದ್ದರೆ ಅದು "ಬಟೆ" ಆಗಿಬಿಡುತ್ತದೆ. ‘ಪ’ ಮತ್ತು ‘ವ’ ನಡುವೆ, ‘ಬ’ ಮತ್ತು ‘ಭ’ ನಡುವೆ, ‘ದ’ ಮತ್ತು ‘ಧ’ ನಡುವೆ ಇರುವ ವ್ಯತ್ಯಾಸ ಒಂದು ಸಣ್ಣ ಗೆರೆಯದ್ದು. ಕುರುಡು ಚುಕ್ಕೆ ಅಕ್ಷರದ ಕೆಳಗೆ ಕೂತರೆ ಒತ್ತುಗಳು ಹೋಗುತ್ತವೆ. ಬಲಕ್ಕೆ ಕೂತರೆ ಮುಂದಿನ ಪದ ಹೋಗುತ್ತದೆ. ಎಡಕ್ಕೆ ಕೂತರೆ ಸಾಲಿನ ಶುರು ಸಿಗಲ್ಲ. ಮೇಲೆ ಕೂತರೆ ಓದಿಗೆ ಅಡ್ಡಿ ಕಡಿಮೆ. ಆದ್ದರಿಂದ ತರಬೇತಿ ಕೊಡುವವರಿಗೆ "ನಾನು ಓದುವುದು ಕನ್ನಡ" ಅಂತ ಮೊದಲೇ ಹೇಳಿ. ಇಂಗ್ಲಿಷ್ ಚಾರ್ಟಿನಲ್ಲಷ್ಟೇ ಅಭ್ಯಾಸ ಮಾಡಿಸಿ ಕಳಿಸಿದರೆ ಅರ್ಧ ಕೆಲಸ ಬಾಕಿ ಉಳಿದ ಹಾಗೆ.

ದಿಕ್ಕು ಸಿಕ್ಕ ಮೇಲೆ ದಿನಕ್ಕೆ 15–20 ನಿಮಿಷ. ಮೊದಲು ಒಂದೊಂದೇ ದೊಡ್ಡ ಅಕ್ಷರ, ಆಮೇಲೆ ಎರಡಕ್ಷರದ ಪದ, ಆಮೇಲೆ ಸಾಲು. ಕಣ್ಣನ್ನು ಅಲ್ಲೇ ನಿಲ್ಲಿಸಿ ಪುಸ್ತಕವನ್ನೇ ಎಡಕ್ಕೆ ಸರಿಸುವುದು ಒಂದು ಉಪಾಯ. ಸುಸ್ತಾದರೆ ನಿಲ್ಲಿಸಿ.

ಇಲ್ಲಿ ಖರ್ಚು ಇಲ್ಲವೇ ಇಲ್ಲ ಅನ್ನಬಹುದು, ಕಲಿಸುವವರ ಫೀಸು ಬಿಟ್ಟರೆ. ಕಷ್ಟ ಬೇರೆ ಕಡೆ ಇದೆ. ಕಣ್ಣು ನಿಜವಾಗಿ ಎಲ್ಲಿ ನಿಂತಿದೆ ಅಂತ ಕಲಿಯುವವರಿಗೂ ಗೊತ್ತಾಗಲ್ಲ, ಕಲಿಸುವವರಿಗೂ ಪೂರ್ತಿ ಗೊತ್ತಾಗಲ್ಲ. ಊಹೆಯ ಮೇಲೆ ನಡೆಯಬೇಕು. ಮೆಷಿನ್ ಉಪಯೋಗಕ್ಕೆ ಬರುವುದು ಇಲ್ಲೇ.

ಮೆಷಿನ್ ಬಯೋಫೀಡ್‌ಬ್ಯಾಕ್

ಬಯೋಫೀಡ್‌ಬ್ಯಾಕ್ ಅಂದರೆ ನಮ್ಮ ಮೈಯೊಳಗೆ ನಡೆಯುತ್ತಿರುವುದನ್ನು ನಮಗೇ ಸದ್ದು ಅಥವಾ ಬೆಳಕಿನಲ್ಲಿ ತೋರಿಸಿ, ಅದನ್ನು ತಿದ್ದಿಕೊಳ್ಳಲು ಕಲಿಸುವುದು. ಕಣ್ಣಿನ ವಿಷಯದಲ್ಲಿ ಇದಕ್ಕೆ ಬಳಸುವುದು ಮೈಕ್ರೋಪೆರಿಮೀಟರ್ ಅನ್ನುವ ಯಂತ್ರ. ನಿಡೆಕ್ ಕಂಪನಿಯ ಎಂಪಿ-1, ಅದರ ನಂತರದ ಎಂಪಿ-3, ಇಟಲಿಯ ಪಾದುವಾದಲ್ಲಿ ಹುಟ್ಟಿದ ಮಾಯಾ, ಇವು ಹೆಚ್ಚು ಕೇಳಿಬರುವ ಹೆಸರುಗಳು. ಈ ತರಬೇತಿಯ ಬಗ್ಗೆ ಹೆಚ್ಚಿನ ಕೆಲಸ ನಡೆದದ್ದೂ ಇಟಲಿಯಲ್ಲೇ.

ಮೊದಲು ಪರೀಕ್ಷೆ. ಗಲ್ಲವನ್ನು ಒರಗಿಸಿ ಕೂರಬೇಕು. ಯಂತ್ರ ರೆಟಿನಾದ ಮೇಲೆ ಅಲ್ಲಲ್ಲಿ ಸಣ್ಣ ಬೆಳಕಿನ ಚುಕ್ಕೆ ಹಾಕುತ್ತದೆ. ಕಂಡರೆ ಬಟನ್ ಒತ್ತಬೇಕು. ರೆಟಿನಾದ ಯಾವ ಜಾಗ ಸತ್ತಿದೆ, ಯಾವುದು ಮಂದ, ಯಾವುದು ಚುರುಕು ಅಂತ ಬಣ್ಣದ ನಕ್ಷೆ ಬರುತ್ತದೆ. ಅದೇ ಹೊತ್ತಿಗೆ ಕಣ್ಣು ಎಲ್ಲಿ ನಿಲ್ಲುತ್ತಿದೆ ಅನ್ನುವುದನ್ನೂ ಹಿಂಬಾಲಿಸುತ್ತದೆ. ಮಾಯಾ ಯಂತ್ರ ಸೆಕೆಂಡಿಗೆ 25 ಸಲ ಅದನ್ನು ನೋಡುತ್ತದೆ. ಆಮೇಲೆ ಡಾಕ್ಟರು ನಕ್ಷೆ ನೋಡಿ ಸತ್ತ ಜಾಗದ ಅಂಚಿನಲ್ಲಿ ಒಂದು ಚುರುಕಾದ ಜಾಗ ಆರಿಸುತ್ತಾರೆ. ತರಬೇತಿ ಅಂದರೆ ಕಣ್ಣನ್ನು ಆ ಜಾಗಕ್ಕೆ ತಂದು ನಿಲ್ಲಿಸುವುದು.

ಅಮ್ಮನ ಎರಡನೇ ಸಲ ನಾನು ಪಕ್ಕದಲ್ಲೇ ಕೂತಿದ್ದೆ. ಕತ್ತಲೆ ಕೋಣೆ. ಟಿಕ್… ಟಿಕ್… ಅಂತ ನಿಧಾನ ಸದ್ದು. "ಸ್ವಲ್ಪ ಮೇಲೆ ನೋಡಿ ಅಮ್ಮ, ಇನ್ನೂ ಸ್ವಲ್ಪ" ಅಂದರು ತರಬೇತಿ ಕೊಡುತ್ತಿದ್ದ ಹುಡುಗಿ. ಸದ್ದು ಚುರುಕಾಯಿತು. ಟಿಕ್ ಟಿಕ್ ಟಿಕ್. ಗುರಿ ಮುಟ್ಟಿದಾಗ ಒಂದೇ ಸಮನೆ ಕೂಗು. ಎರಡು ಸೆಕೆಂಡು ನಿಂತು ಮತ್ತೆ ಜಾರಿತು. ಅಮ್ಮ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಚಿಕ್ಕವರಿದ್ದಾಗ ರೇಡಿಯೊ ಮುಳ್ಳು ತಿರುಗಿಸಿ ಸ್ಟೇಷನ್ ಹಿಡಿಯುತ್ತಿದ್ದ ಹಾಗೆ ಇತ್ತು ಅಂತ ಹೊರಗೆ ಬಂದು ಹೇಳಿದರು. ಅದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ.

ಸಾಮಾನ್ಯವಾಗಿ ಒಂದು ಕಣ್ಣಿಗೆ ಹತ್ತು ನಿಮಿಷ, ವಾರಕ್ಕೊಂದು ಸಲ, ಸುಮಾರು ಹತ್ತು ಸಲ. ನೋವಿಲ್ಲ, ಕಣ್ಣನ್ನು ಮುಟ್ಟುವುದೂ ಇಲ್ಲ.

ಏನು ಸಿಗುತ್ತದೆ? ಇಲ್ಲಿಯವರೆಗಿನ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡದ್ದು ಎರಡು: ಕಣ್ಣು ಒಂದೇ ಕಡೆ ನಿಲ್ಲುವುದು ಸುಧಾರಿಸುತ್ತದೆ, ಓದುವ ವೇಗವೂ ಏರುತ್ತದೆ. ದೃಷ್ಟಿ ಚಾರ್ಟಿನಲ್ಲಿ ಆಗುವ ಲಾಭ ಸಾಮಾನ್ಯವಾಗಿ ಸಣ್ಣದು. ಅದಕ್ಕೆ ಕಾರಣವೂ ಇದೆ. ಮ್ಯಾಕ್ಯುಲಾದ ನಡುವಿನಿಂದ ದೂರ ಹೋದಷ್ಟೂ ರೆಟಿನಾದ ಚುರುಕು ಕಡಿಮೆ. ಪಕ್ಕದ ಜಾಗವನ್ನು ಎಷ್ಟೇ ಪಳಗಿಸಿದರೂ ಅದು ನಡುಭಾಗದ ಕೆಲಸ ಪೂರ್ತಿ ಮಾಡಲ್ಲ. ಹಾಗಾಗಿ ತರಬೇತಿ ಆದ ಮೇಲೂ ಭೂತಗನ್ನಡಿ ಬೇಕೇ ಬೇಕು. "ಕನ್ನಡಕ, ಭೂತಗನ್ನಡಿ ಬಿಟ್ಟುಬಿಡಬಹುದು" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನೊಂದು ಮಾತನ್ನೂ ಹೇಳಲೇಬೇಕು. ಈ ಅಧ್ಯಯನಗಳಲ್ಲಿ ಬಹಳಷ್ಟು ಚಿಕ್ಕವು. ತರಬೇತಿ ಪಡೆದವರನ್ನು ಪಡೆಯದವರ ಜೊತೆ ಸರಿಯಾಗಿ ಹೋಲಿಸದವೂ ಇವೆ. ಅದೇ ಮೆಷಿನ್ ಇಲ್ಲದೆ, ಒಳ್ಳೆಯ ತರಬೇತುದಾರರು ಅಷ್ಟೇ ಸಮಯ ಕೊಟ್ಟು ಕಲಿಸಿದರೆ ಇದಕ್ಕಿಂತ ಕಡಿಮೆ ಆಗುತ್ತದಾ ಅನ್ನುವ ಪ್ರಶ್ನೆ ಹಾಗೇ ಉಳಿದಿದೆ. ಮನುಷ್ಯರು ಕೂತು ಕಲಿಸುವುದರ ಬೆಲೆಗೆ ಮಾತ್ರ ಗಟ್ಟಿ ಸಾಕ್ಷಿ ಇದೆ. ಅಮೆರಿಕದಲ್ಲಿ 323 ಮಾಜಿ ಸೈನಿಕರ ಮೇಲೆ ನಡೆದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಲೋ ವಿಷನ್ ಸಲಕರಣೆ ಕೊಟ್ಟರು. ಅರ್ಧ ಜನಕ್ಕೆ ಅದರ ಜೊತೆ ತರಬೇತುದಾರರ ಪಾಠವೂ ಇತ್ತು. ದೃಷ್ಟಿ ಸುಮಾರು 6/18ಕ್ಕಿಂತ ಕೆಳಗಿದ್ದವರಿಗೆ ಪಾಠದಿಂದ ಹೆಚ್ಚು ಲಾಭವಾಯಿತು. ಅಷ್ಟು ಕೆಡದವರಿಗೆ ಸಲಕರಣೆಯೇ ಸಾಕಾಗಿತ್ತು.

ಅಮ್ಮನ ಫಲಿತಾಂಶ ಹೇಳುತ್ತೇನೆ. ಹತ್ತು ಸಲ ಆದ ಮೇಲೆ ಚಾರ್ಟಿನಲ್ಲಿ ಒಂದೇ ಸಾಲು ಹೆಚ್ಚು. ನನಗೆ ಬೇಜಾರಾಯಿತು. ಆದರೆ ಮನೆಯಲ್ಲಿ ಬದಲಾವಣೆ ಕಂಡಿತು. ಮುಂಚೆ ಒಂದು ಪದ ಹಿಡಿದರೆ ಮುಂದಿನದಕ್ಕೆ ಹೋಗುವಷ್ಟರಲ್ಲಿ ಕಳೆದುಕೊಳ್ಳುತ್ತಿದ್ದರು. ಈಗ ಪದ ಕೈಗೆ ಸಿಕ್ಕ ಹಾಗೆ ನಿಲ್ಲುತ್ತದೆ. ಭೂತಗನ್ನಡಿ ಹಿಡಿದು ಪೇಪರಿನ ಅರ್ಧ ಕಾಲಂ ಓದುತ್ತಾರೆ. ಅದು ಹತ್ತು ಪ್ರಯಾಣಕ್ಕೆ ತಕ್ಕದ್ದಾ? ನಮಗೆ ಹೌದು. ನಾವು ಗಡಿಯಾರದ ಅಭ್ಯಾಸವನ್ನು ಮೂರು ತಿಂಗಳು ಮಾಡಿ, ಕಣ್ಣು ನಿಲ್ಲದೆ ಹೋದಾಗ ಅಲ್ಲಿಗೆ ಹೋಗಿದ್ದೆವು.

ಯಾರಿಗೆ ಇದು ಹೊಂದುತ್ತದೆ ಅಂತ ತಿಳಿಯಲು ಒಂದು ಅಂಕಿ ಇದೆ. ಪರೀಕ್ಷೆಯ ರಿಪೋರ್ಟಿನಲ್ಲಿ ಕಣ್ಣು 2 ಡಿಗ್ರಿ ವೃತ್ತದ ಒಳಗೆ ಎಷ್ಟು ಪಾಲು ಹೊತ್ತು ನಿಂತಿತ್ತು ಅಂತ ಇರುತ್ತದೆ. ಅದು ಶೇ 75ಕ್ಕಿಂತ ಜಾಸ್ತಿ ಇದ್ದರೆ ನೋಟ ಆಗಲೇ ಸ್ಥಿರವಾಗಿದೆ. ಅದು ಒಳ್ಳೆಯ ಜಾಗದಲ್ಲೇ ನಿಂತಿದ್ದರೆ ಮೆಷಿನ್ ತರಬೇತಿಯಿಂದ ಹೊಸದಾಗಿ ಸಿಗುವುದು ಕಮ್ಮಿ, ಆ ದುಡ್ಡನ್ನು ಸಲಕರಣೆಗೆ ಹಾಕಿ. 4 ಡಿಗ್ರಿ ವೃತ್ತದ ಒಳಗೂ ಶೇ 75 ಮುಟ್ಟದಿದ್ದರೆ ನೋಟ ಅಲೆಯುತ್ತಿದೆ ಅಂತ ಅರ್ಥ. ಅಂಥವರು, ಕಾಯಿಲೆ ಶಾಂತವಾಗಿದ್ದು, ಹತ್ತು ನಿಮಿಷ ಅಲುಗದೆ ಕೂರಬಲ್ಲವರಾಗಿದ್ದು, ಓದುವ ಆಸೆ ಗಟ್ಟಿಯಿದ್ದರೆ ಇದಕ್ಕೆ ತಕ್ಕವರು. ಮರೆವಿನ ಕಾಯಿಲೆ ಇರುವವರಿಗೆ, ಇನ್ನೂ ಇಂಜೆಕ್ಷನ್ ನಡೆಯುತ್ತಿರುವವರಿಗೆ ಈಗ ಬೇಡ. ಕೊಳವೆ ನೋಟದವರಿಗೆ ಇದು ಮೊದಲ ಆಯ್ಕೆಯೇ ಅಲ್ಲ. ಅವರಿಗೆ ಬೇಕಾದದ್ದು ಬಿಳಿ ಕೋಲಿನ ತರಬೇತಿ, ತಲೆ ತಿರುಗಿಸಿ ಸುತ್ತ ನೋಡುವ ಅಭ್ಯಾಸ, ರಾತ್ರಿಗೆ ಒಂದು ಒಳ್ಳೆಯ ಟಾರ್ಚ್.

ಈ ಯಂತ್ರ ದೊಡ್ಡ ಊರಿನ ಕೆಲವೇ ದೊಡ್ಡ ಕಣ್ಣಾಸ್ಪತ್ರೆಗಳಲ್ಲಿ ಮಾತ್ರ ಇರುತ್ತದೆ. ಯಂತ್ರ ಇದ್ದ ಕಡೆ ತರಬೇತಿಯೂ ಇರುತ್ತದೆ ಅಂತಲ್ಲ. ಕೆಲವು ಕಡೆ ಪರೀಕ್ಷೆಗೆ ಮಾತ್ರ ಬಳಸುತ್ತಾರೆ. ಹೊರಡುವ ಮುಂಚೆ ಫೋನ್ ಮಾಡಿ, "ಫಿಕ್ಸೇಷನ್ ಟ್ರೈನಿಂಗ್ ಮಾಡುತ್ತೀರಾ, ಎಷ್ಟು ಸಲ, ಒಟ್ಟು ಎಷ್ಟಾಗುತ್ತದೆ" ಅಂತ ಕೇಳಿ.

ವಿಡಿಯೊ ಭೂತಗನ್ನಡಿ, ಫೋನ್, ಕಿವಿ

ಕ್ಯಾಮೆರಾ ಕೆಳಗೆ ಪುಸ್ತಕ ಇಟ್ಟರೆ ಪರದೆಯ ಮೇಲೆ ದೊಡ್ಡದಾಗಿ ಕಾಣುವ ವಿಡಿಯೊ ಭೂತಗನ್ನಡಿ ದೃಷ್ಟಿ ಬಹಳ ಕುಸಿದವರಿಗೆ ವರ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಥವಾ ಹಳದಿ ಅಕ್ಷರ ಮಾಡಬಹುದು, ನೇರ ಕೂತು ಓದಬಹುದು. ಆದರೆ ಕೈಯಲ್ಲಿ ಹಿಡಿಯುವುದಕ್ಕೇ ಹತ್ತಾರು ಸಾವಿರ, ಮೇಜಿನ ಮೇಲಿಡುವುದಕ್ಕೆ ಇನ್ನೂ ಜಾಸ್ತಿ. ಲೋ ವಿಷನ್ ವಿಭಾಗದಲ್ಲಿ ಅರ್ಧ ಗಂಟೆ ಬಳಸಿ ನೋಡದೆ ಕೊಳ್ಳಲೇಬೇಡಿ. ಒಂದು ಸ್ಟ್ಯಾಂಡಿಗೆ ಮೊಬೈಲ್ ಸಿಕ್ಕಿಸಿ ಮ್ಯಾಗ್ನಿಫೈಯರ್ ಆ್ಯಪ್ ಹಾಕಿದರೆ ಅದರ ಮುಕ್ಕಾಲು ಕೆಲಸ ಆಗುತ್ತದೆ. ಟ್ಯಾಬ್ ಇದ್ದರೆ ಇನ್ನೂ ಸಲೀಸು.

ಕಿವಿಯಿಂದ ಓದುವುದು ಸೋಲು ಅಂತ ತುಂಬಾ ಹಿರಿಯರು ಅಂದುಕೊಳ್ಳುತ್ತಾರೆ. ನಮ್ಮಮ್ಮನೂ ಹಾಗೇ ಅಂದುಕೊಂಡಿದ್ದರು. ಆಂಡ್ರಾಯ್ಡ್ ಫೋನಿನ ಟಾಕ್‌ಬ್ಯಾಕ್ ಕನ್ನಡದಲ್ಲಿ ಓದುತ್ತದೆ. ಗೂಗಲ್ ಲೆನ್ಸ್ ಅಚ್ಚಾದ ಕನ್ನಡವನ್ನು ಹಿಡಿಯುತ್ತದೆ. ಕಂಪ್ಯೂಟರಿಗೆ, ಪರದೆಯ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಸಾಫ್ಟ್‌ವೇರ್ ಪೂರ್ತಿ ಉಚಿತ. ಮುದ್ರಿತ ಪುಸ್ತಕ ಓದಲಾಗದವರಿಗಾಗಿ 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಅನ್ನುವ ಆನ್‌ಲೈನ್ ಲೈಬ್ರರಿ ಇದೆ. ಬೆಂಗಳೂರಿನ ಮಿತ್ರ ಜ್ಯೋತಿ ಸಂಸ್ಥೆ ಕೇಳುವ ಪುಸ್ತಕಗಳ ಕೆಲಸವನ್ನೂ, ಕಂಪ್ಯೂಟರ್ ಕಲಿಸುವ ಕೆಲಸವನ್ನೂ ಮಾಡುತ್ತಾ ಬಂದಿದೆ. ಉದ್ದದ ಓದಿಗೆ ಕಿವಿ, ಸಣ್ಣ ಓದಿಗೆ ಕಣ್ಣು ಅಂತ ಹಂಚಿಕೊಂಡರೆ ದಿನದ ಕೊನೆಗೆ ಕಣ್ಣು ದಣಿಯಲ್ಲ.

ಫೋನಿನ ಕೊರತೆ ಒಂದೇ, ಕಲಿಯಬೇಕು. ಟಾಕ್‌ಬ್ಯಾಕ್ ಹಾಕಿದರೆ ಮುಟ್ಟುವ ರೀತಿಯೇ ಬದಲಾಗುತ್ತದೆ. ಮೊದಲ ಎರಡು ವಾರ ಯಾರಾದರೂ ಮನೆಯಲ್ಲಿ ಪಕ್ಕ ಕೂರಬೇಕು.

ದೂರ ಇಡಬೇಕಾದವು

ನಮ್ಮ ದುಡ್ಡು ಸುಮ್ನೆ ಹೋದದ್ದು ಇಲ್ಲಿ. ಕಣ್ಣಿನ ವ್ಯಾಯಾಮದಿಂದ ಎಲ್ಲ ವಾಪಸ್ ಬರುತ್ತದೆ ಅಂತ ಒಂದು ಕಡೆ ಪ್ಯಾಕೇಜ್ ಕಟ್ಟಿಸಿಕೊಂಡರು. ಅಂಗೈ ಉಜ್ಜಿ ಕಣ್ಣಿಗೆ ಇಡುವುದು, ಬೆಳಗಿನ ಸೂರ್ಯನ ಕಡೆ ಮುಖ ಮಾಡಿ ತಲೆ ಆಡಿಸುವುದು. ನ್ಯೂಯಾರ್ಕಿನ ವಿಲಿಯಂ ಬೇಟ್ಸ್ ಅನ್ನುವ ಡಾಕ್ಟರು ನೂರು ವರ್ಷದ ಹಿಂದೆ ಶುರು ಮಾಡಿದ ಪದ್ಧತಿಯ ರೂಪಗಳು ಇವು. ಸತ್ತ ಮ್ಯಾಕ್ಯುಲಾದ ಮೇಲೆ ಇವುಗಳ ಪರಿಣಾಮ ಏನೂ ಇಲ್ಲ, ಸೂರ್ಯನನ್ನು ನೇರ ನೋಡಿದರೆ ರೆಟಿನಾ ಇನ್ನಷ್ಟು ಸುಡುತ್ತದೆ. ನಮಗೆ ಆರು ತಿಂಗಳು ಹೋಯಿತು, ದುಡ್ಡಿಗಿಂತ ಅದೇ ಹೆಚ್ಚು ನೋವು.

ಬಯೋಫೀಡ್‌ಬ್ಯಾಕ್ ಅನ್ನುವ ಹೆಸರಿಗೂ ಮರುಳಾಗಬೇಡಿ. ಸಮೀಪದೃಷ್ಟಿಯ (ದೂರದ್ದು ಮಸುಕಾಗುವ ದೋಷದ) ಪವರ್ ಇಳಿಸುತ್ತೇವೆ ಅಂತ 1980ರ ದಶಕದಲ್ಲೇ ಸದ್ದು ಕೇಳಿಸುವ ಒಂದು ಯಂತ್ರ ಬಂದಿತ್ತು. ಸರಿಯಾಗಿ ಹೋಲಿಸಿ ನೋಡಿದಾಗ ಅದರ ಮಾತು ನಿಲ್ಲಲಿಲ್ಲ. ನಾನು ಮೇಲೆ ಹೇಳಿದ್ದು ಅದಲ್ಲ. ರೆಟಿನಾದ ನಕ್ಷೆ ತೆಗೆಯದೆ, ಕಣ್ಣು ಎಲ್ಲಿ ನಿಲ್ಲುತ್ತದೆ ಅಂತ ಅಳೆಯದೆ ಯಾರಾದರೂ ತಲೆಗೆ ವೈರು ಅಂಟಿಸಿ "ಬಯೋಫೀಡ್‌ಬ್ಯಾಕ್" ಅಂದರೆ ಎದ್ದು ಬನ್ನಿ.

ಆ ಮೂರು ಮನೆಗೆ ನಾನು ಹೇಳಿದ್ದು

ಮೊದಲನೆಯವರು ಚಿತ್ರದುರ್ಗದ ಕಡೆಯ ಹಳ್ಳಿಯವರು, 78 ವರ್ಷ, ಒಣ ಮ್ಯಾಕ್ಯುಲಾ ಸವೆತ. ಮಗ ಕೂಲಿಗೆ ಹೋಗುತ್ತಾನೆ. ಅಜ್ಜಿಗೆ ಬೇಕಾದದ್ದು ಮಾತ್ರೆ ಗುರುತಿಸುವುದು, ದುಡ್ಡು ಎಣಿಸುವುದು. ಶಕ್ತಿ ಯೋಜನೆಯಲ್ಲಿ ಅಜ್ಜಿಗೆ ಸರ್ಕಾರಿ ಬಸ್ ಉಚಿತ, ಆದರೆ ಮಗನಿಗೆ ಚಾರ್ಜು, ಜೊತೆಗೆ ಹತ್ತು ದಿನದ ಕೂಲಿ. ಮೆಷಿನ್ ಬೇಡ ಅಂದೆ. ಒಂದು ಸಲ ಮಾತ್ರ ಲೋ ವಿಷನ್ ವಿಭಾಗಕ್ಕೆ ಹೋಗಿ, ದೀಪದ ಸ್ಟ್ಯಾಂಡ್ ಭೂತಗನ್ನಡಿ ತಗೊಂಡು, ಗಡಿಯಾರದ ಹಾಳೆ ಕಲಿತು ಬನ್ನಿ. ಮಾತ್ರೆ ಡಬ್ಬಿಗೆ ಬೇರೆ ಬೇರೆ ಬಣ್ಣದ ದಾರ ಕಟ್ಟಿ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ಶೇ 40 ಮತ್ತು ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಅಂತ ಬಂದರೆ ಕೇಂದ್ರದ ಅಡಿಪ್ ಯೋಜನೆಯಲ್ಲಿ, ಆದಾಯದ ಮಿತಿಯೊಳಗೆ, ಸಲಕರಣೆ ಸಿಗುತ್ತದೆ.

ಎರಡನೆಯವರು 24ರ ಹುಡುಗಿ, ಸ್ಟಾರ್ಗಾರ್ಟ್, ಬೆಂಗಳೂರಿನಲ್ಲೇ ಇದ್ದಾಳೆ, ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ. ಅವಳಿಗೆ ಮೊದಲು ಎನ್‌ವಿಡಿಎ ಮತ್ತು ಪರದೆ ದೊಡ್ಡದು ಮಾಡುವುದು, ಯಾಕೆಂದರೆ ಓದಬೇಕಾದ ಪುಟಗಳು ಸಾವಿರಾರು. ಜೊತೆಗೇ ಮೈಕ್ರೋಪೆರಿಮೀಟರ್ ಪರೀಕ್ಷೆ ಮಾಡಿಸಲು ಹೇಳಿದೆ. ರಿಪೋರ್ಟಿನಲ್ಲಿ ನೋಟ ಅಲೆಯುತ್ತಿದ್ದರೆ ತರಬೇತಿಗೆ ಸೇರುವುದು ಅವಳಿಗೆ ತಕ್ಕದ್ದು. ಮುಂದೆ ಐವತ್ತು ವರ್ಷ ಆ ಕಣ್ಣನ್ನು ಬಳಸಬೇಕಾದವಳು. ಕಾಯಿಲೆ ನಿಧಾನವಾಗಿ ಹರಡಬಹುದು, ಆಗ ಪಳಗಿಸಿದ ಜಾಗವೂ ಹೋಗಬಹುದು, ಮತ್ತೆ ಬೇರೆ ಜಾಗ ಹುಡುಕಬೇಕಾಗಬಹುದು. ಅದನ್ನೂ ಮುಚ್ಚಿಡದೆ ಹೇಳಿದೆ.

ಮೂರನೆಯವರು ನಿವೃತ್ತ ಮೇಷ್ಟ್ರು, ದಿನಾ ಪೇಪರ್ ಓದದೆ ಊಟ ಸೇರದವರು. ದುಡ್ಡಿನ ತೊಂದರೆ ಇಲ್ಲ, ಮಗಳು ಹೈದರಾಬಾದಿನಲ್ಲಿ ಇದ್ದಾಳೆ. ಅಲ್ಲಿಯ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯಲ್ಲಿ ಲೋ ವಿಷನ್‌ಗೇ ಬೇರೆ ಪುನರ್ವಸತಿ ವಿಭಾಗ ಇದೆ. ಚೆನ್ನೈನ ಶಂಕರ ನೇತ್ರಾಲಯದಲ್ಲೂ ಇದೆ. ಒಂದೆರಡು ತಿಂಗಳು ಮಗಳ ಮನೆಯಲ್ಲಿದ್ದು ಓರೆ ನೋಟ ಕಲಿಯಿರಿ, ಸಾಕಾಗದಿದ್ದರೆ ಮೆಷಿನ್ ತರಬೇತಿ ಎಲ್ಲಿ ಸಿಗುತ್ತದೆ ಅಂತ ಅವರನ್ನೇ ಕೇಳಿ, ಆಮೇಲೆ ವಿಡಿಯೊ ಭೂತಗನ್ನಡಿ ಅಂದೆ. ಮೊದಲೇ ವಿಡಿಯೊ ಭೂತಗನ್ನಡಿ ಕೊಂಡುಬಿಟ್ಟರೆ ಬೇಕಿದ್ದಕ್ಕಿಂತ ದೊಡ್ಡದನ್ನು ಕೊಳ್ಳುವ ಹಾಗಾಗುತ್ತದೆ. ಕಣ್ಣು ನಿಲ್ಲಲು ಕಲಿತ ಮೇಲೆ ಕಡಿಮೆ ಪವರ್ ಸಾಕಾಗಬಹುದು.

ಯಾವ ವಿಭಾಗಕ್ಕೇ ಹೋಗಿ, ಕೈಚೀಲದಲ್ಲಿ ಇವು ಇರಲಿ: ಹಳೆಯ ರಿಪೋರ್ಟುಗಳು, ಈಗ ಹಾಕುವ ಕನ್ನಡಕ, ಮನೆಯಲ್ಲಿ ಬಳಸುವ ಭೂತಗನ್ನಡಿ, ಅವತ್ತಿನ ಕನ್ನಡ ಪೇಪರ್, ಓದಲಾಗದ ಮಾತ್ರೆ ಚೀಟಿ, ಮೂರು ಕೆಲಸ ಬರೆದ ಹಾಳೆ. ಪರೀಕ್ಷೆ ಮಾಡುವವರ ಮುಂದೆ ಆ ಪೇಪರನ್ನು ಹರಡಿ, "ಇದನ್ನು ಓದಬೇಕು" ಅಂತ ತೋರಿಸಿ.